ಉಪ್ಪುಗಾಳಿಗೂ ಮಲೆನಾಡಿನ ತೇವಕ್ಕೂ ತಾಳುವ ಚಾರಣದ ಒಲೆ

ಗೋಕರ್ಣದ ಕುಡ್ಲೆಯಿಂದ ಗುಡ್ಡದಂಚಿನಲ್ಲಿ ಪ್ಯಾರಡೈಸ್ ಕಡಲತೀರದವರೆಗೆ ನಡೆಯುವವರಿರಲಿ, ಶಿರಸಿ–ಸಿದ್ದಾಪುರದ ಘಟ್ಟದ ಹಾದಿ ಹಿಡಿಯುವವರಿರಲಿ, ಒಲೆ ಕೊಳ್ಳುವ ಮುನ್ನ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಲೆ ಯಾವುದರಿಂದ ಕೆಡುತ್ತದೆ ಎಂಬುದನ್ನು ಯೋಚಿಸಬೇಕು. ಬ್ಯೂಟೇನ್ ಅನಿಲವು ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗದೆ ಉಳಿಯುವುದರಿಂದ ಹಿಮಾಲಯಕ್ಕೆ ಪ್ರೊಪೇನ್ ಬೆರೆಸಿದ ಇಂಧನ ಬೇಕಾಗುತ್ತದೆ. ಡಿಸೆಂಬರಿನ ರಾತ್ರಿಯಲ್ಲೂ ಅಷ್ಟು ಚಳಿ ಕಾಣದ ನಮ್ಮಲ್ಲಿ ಅದಕ್ಕೆಂದು ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಇಲ್ಲಿ ಒಲೆಯನ್ನು ತಿನ್ನುವುದು ಉಪ್ಪು ಮತ್ತು ತೇವ.

ಮೊದಲು ಇಂಧನವನ್ನು ನಿರ್ಧರಿಸಿ. ಗ್ಯಾಸ್ ಕ್ಯಾನಿನ ಒಲೆ ಹಗುರ. ಉರಿಯನ್ನು ಸಣ್ಣದಾಗಿಸಿ ಅನ್ನವನ್ನೂ ಬೇಯಿಸಬಹುದು. ಗಾಳಿಯಿಲ್ಲದೆಡೆ ಒಂದು ಲೀಟರ್ ನೀರು ಕುದಿಸಲು ಸುಮಾರು 15 ಗ್ರಾಂ ಅನಿಲ ಸಾಕಾಗುವುದರಿಂದ 230 ಗ್ರಾಮಿನ ಒಂದು ಕ್ಯಾನ್ ಇಬ್ಬರಿಗೆ ಎರಡು–ಮೂರು ದಿನ ಬರುತ್ತದೆ. ಆದರೆ ಕುಚ್ಚಲಕ್ಕಿಯ ಗಂಜಿಯೇ ಬೇಕೆಂದರೆ ಈ ಲೆಕ್ಕ ನಿಲ್ಲುವುದಿಲ್ಲ. ಅವಲಕ್ಕಿ ಒಯ್ಯುವುದು ಮೇಲು. ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಪಂಪ್ ಒಲೆ ಭಾರವಾದರೂ ದೀರ್ಘಾಯುಷಿ: 1892ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಪ್ರೈಮಸ್ ಒಲೆಯ ತತ್ವವೇ ಇಂದಿಗೂ ಅದರಲ್ಲಿದೆ. ಸ್ಪಿರಿಟ್ ಒಲೆಯಲ್ಲಿ ಕೆಡುವ ಭಾಗಗಳೇ ಇಲ್ಲ, ಆದರೆ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳದಿರುವುದರಿಂದ ಮಕ್ಕಳ ಜೊತೆ ಹೋಗುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ರೈಲಿನಲ್ಲಿ ಕಾರವಾರಕ್ಕೋ ಕುಮಟಾಕ್ಕೋ ಬರುವವರು ಗ್ಯಾಸ್, ಸೀಮೆಎಣ್ಣೆ ಯಾವುದನ್ನೂ ಒಯ್ಯುವಂತಿಲ್ಲ. ಆದ್ದರಿಂದ ಇಳಿದ ಊರಿನಲ್ಲಿ ಯಾವ ಇಂಧನ ಸಿಗುತ್ತದೆ ಎಂದು ಮೊದಲೇ ವಿಚಾರಿಸಿ, ಅದಕ್ಕೆ ಹೊಂದುವ ಒಲೆಯನ್ನೇ ಕೊಳ್ಳಿ.

ಎರಡನೆಯದು ಲೋಹ. ಅಗ್ಗಕ್ಕೆ ಸಿಕ್ಕಿತೆಂದು ನಾನು ಕೊಂಡ ಮೊದಲ ಒಲೆಯ ಕಾಲುಗಳು ಕಾರವಾರದ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು, ಮಡಚಿದರೆ ಬಿಡಿಸಲಾಗದಂತೆ ಬಿಗಿದುಕೊಂಡವು. ಅಂದಿನಿಂದ ಅಂಗಡಿಗೆ ಒಂದು ಸಣ್ಣ ಅಯಸ್ಕಾಂತವನ್ನು ಒಯ್ಯುತ್ತೇನೆ. ಪಾತ್ರೆ ಕೂರುವ ಕಾಲುಗಳಿಗೆ ಅದು ಗಟ್ಟಿಯಾಗಿ ಅಂಟಿಕೊಂಡರೆ ಅನುಮಾನಿಸಬೇಕು, ಏಕೆಂದರೆ ತುಕ್ಕಿಗೆ ಚೆನ್ನಾಗಿ ತಾಳುವ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಹೆಚ್ಚಾಗಿ ಹಿಡಿಯುವುದಿಲ್ಲ. ವಾಲ್ವ್ ಹಿತ್ತಾಳೆಯದಾಗಿರಲಿ. ಗುಂಡಿ ಒತ್ತಿ ಹೊತ್ತಿಸುವ ಕಿಡಿಯಂತ್ರವು ತೇವಕ್ಕೆ ಬೇಗ ಸೋಲುವುದರಿಂದ ಅದಕ್ಕಾಗಿ ಬೆಲೆ ಹೆಚ್ಚು ಕೊಡಬೇಡಿ. ಬೆಂಕಿಪೊಟ್ಟಣವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿಟ್ಟುಕೊಳ್ಳಿ.

ಇನ್ನು ರಿಪೇರಿ, ಬಾಳಿಕೆಯ ಬಹುಪಾಲು ಇರುವುದು ಇದರಲ್ಲಿಯೇ. ಇಂಧನ ಹೊರಚಿಮ್ಮುವ ಸಣ್ಣ ತೂತಿನ ಜೆಟ್ಟನ್ನು ಬಿಚ್ಚಿ ಶುಚಿಗೊಳಿಸಲು ಬರುತ್ತದೆಯೇ, ರಬ್ಬರ್ ಉಂಗುರ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲಿಯೇ ಕೇಳಿ. ಪಂಪ್ ಒಲೆಯಾದರೆ ಜೆಟ್ಟಿನ ತೂತು ಬಿಡಿಸುವ ಪಿನ್ನು ಮತ್ತು ಚರ್ಮದ ವಾಷರ್ ಜೊತೆಗಿರಲೇಬೇಕು; ಒಣಗಿ ಕುಗ್ಗಿದ ವಾಷರಿಗೆ ಎಣ್ಣೆ ಸವರಿದರೆ ಪಂಪು ಮತ್ತೆ ಗಾಳಿ ಹಿಡಿಯುತ್ತದೆ. ಕಡಲತೀರದಿಂದ ಮರಳಿದ ಮೇಲೆ ಒಲೆಯ ಕಾಲುಗಳನ್ನು ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ ಎತ್ತಿಡಬೇಕು.

ಗಾಳಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕ್ಯಾನಿನ ತಲೆಯ ಮೇಲೆ ಕೂರುವ ಒಲೆಗೆ ಸುತ್ತಲೂ ತಗಡಿನ ಮರೆ ಕಟ್ಟಿದರೆ ಕ್ಯಾನ್ ಕಾದು ಸಿಡಿಯುವ ಅಪಾಯವಿದೆ. ಸಮುದ್ರದ ಗಾಳಿಯಲ್ಲಿ ಅಡುಗೆ ಮಾಡುವವರಿಗೆ, ನಳಿಗೆಯ ಮೂಲಕ ಕ್ಯಾನ್ ದೂರ ಕೂರುವ, ಅಗಲ ಕಾಲಿನ ಒಲೆಯೇ ನನ್ನ ಆಯ್ಕೆ. ಚಿರೆಕಲ್ಲಿನ ಏರುಪೇರಿನ ಮೇಲೂ ಅದು ವಾಲುವುದಿಲ್ಲ. ಮಳೆ ಬಂತೆಂದು ಟೆಂಟಿನೊಳಗೆ ಯಾವ ಒಲೆಯನ್ನೂ ಹೊತ್ತಿಸಬಾರದು: ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಕಾಯ್ದಿಟ್ಟ ಅರಣ್ಯಕ್ಕಾಗಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕಾಗಲಿ ಹೋಗುವುದಾದರೆ ಪ್ರವೇಶಕ್ಕೂ ಒಲೆ ಹೊತ್ತಿಸುವುದಕ್ಕೂ ಅರಣ್ಯ ಇಲಾಖೆಯನ್ನು ಮೊದಲು ಕೇಳಿ.

ಕೊಂಡ ಒಲೆಯನ್ನು ಹೊರಡುವ ವಾರದ ಮೊದಲು ಮನೆಯ ಅಂಗಳದಲ್ಲಿ ಒಮ್ಮೆ ಪರೀಕ್ಷಿಸಿ. ಹೊತ್ತಿಸುವ ಮುನ್ನ ಕ್ಯಾನ್ ಸೇರಿಸಿ, ಕೂಡುವ ಜಾಗಕ್ಕೆ ಸಾಬೂನು ನೀರು ಸವರಿ. ಗುಳ್ಳೆ ಎದ್ದರೆ ರಬ್ಬರ್ ಉಂಗುರ ಬದಲಿಸಿ, ಮತ್ತೆ ಸವರಿ ನೋಡಿ. ಗುಳ್ಳೆ ನಿಂತ ಮೇಲೆ, ಚಾರಣಕ್ಕೆ ಒಯ್ಯುವ ಪಾತ್ರೆಯಲ್ಲಿಯೇ ಒಂದು ಲೀಟರ್ ನೀರು ಕುದಿಸಿ, ಕ್ಯಾನನ್ನು ಮೊದಲೂ ಆಮೇಲೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎಷ್ಟು ಗ್ರಾಂ ಖರ್ಚಾಯಿತೆಂದು ಬರೆದಿಟ್ಟುಕೊಳ್ಳಿ.