ಅಂಗಳಕ್ಕೆ ಹುಲ್ಲುಹಾಸು ಹಾಕಿಸುವ ಮೊದಲು

ಕಾಸರಗೋಡಿನ ಮುರಕಲ್ಲು ನೆಲದಲ್ಲಿ ಗಿಡಕ್ಕಿಂತ ಮೊದಲು ನೀರಿನ ದಾರಿ ನೋಡಿ. ಮನೆಯಿಂದ ಹೊರಕ್ಕೆ ಪ್ರತಿ 10 ಅಡಿಗೆ 2 ಇಂಚು ಇಳಿಜಾರು ಬೇಕು. ಇಲ್ಲದಿದ್ದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನೀರು ಮನೆಯ ಪಂಚಾಂಗದ (ಅಡಿಪಾಯದ) ಬುಡದಲ್ಲೇ ನಿಲ್ಲುತ್ತದೆ. ಜೆಸಿಬಿ ಓಡಾಡಿದ ಜಾಗ ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ಅದರ ಮೇಲೆಯೇ ಕೆಂಪುಮಣ್ಣು ಸುರಿಸಿದರೆ ಬೇರು ಕೆಳಗಿಳಿಯದು, ಹಾಗಾಗಿ ಮೊದಲು 6 ಇಂಚು ಆಳಕ್ಕೆ ಪಿಕ್ಕಾಸಿನಲ್ಲಿ ಅಗೆಸಿ.

ಕೊನ್ನಾರಿ ಎಂಬ ಗಡ್ಡೆಯ ಕಳೆಯನ್ನು ಕತ್ತರಿಸಿ ಪ್ರಯೋಜನವಿಲ್ಲ, ಗಡ್ಡೆ ಸಮೇತ ಹೆಕ್ಕಬೇಕು. ಬೇಸರದ ಕೆಲಸವೇ, ಆದರೆ ಹುಲ್ಲು ಹಾಸಿದ ಮೇಲೆ ಇದು ಆಗದ ಮಾತು.

ನಮ್ಮ ಮಣ್ಣು ಹುಳಿ. ಒಂದು ಸೆಂಟ್ಸ್ ಜಾಗಕ್ಕೆ 2 ಕಿಲೋ ಸುಣ್ಣ ಬೆರೆಸಿ ಎರಡು ವಾರ ಬಿಡಿ, ಹಟ್ಟಿಗೊಬ್ಬರ ಆಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ನೀರಿನ ಪೈಪು, ವಯರು, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಇರುವಲ್ಲಿ ಗುರುತಿಗೆ ಗೂಟ ಹೊಡೆಯಬೇಡಿ, ಸುಣ್ಣದ ಗೆರೆ ಎಳೆದರೆ ಸಾಕು.