ಪೋಸ್ಟ್‌ಗ್ರೆಸ್ ಸರ್ವರ್‌ಗೆ ಮೆಮೊರಿ ಹಂಚುವುದು ಹೇಗೆ?

ಪೋಸ್ಟ್‌ಗ್ರೆಸ್ ಡೇಟಾಬೇಸನ್ನು 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿದರೂ ಅದು ತನ್ನ ಶೇರ್ಡ್ ಬಫರ್ಸ್‌ಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವುದು 128 ಎಂಬಿ ಮಾತ್ರ. ಎಷ್ಟೇ ಚಿಕ್ಕ ಯಂತ್ರವಾದರೂ ತಕರಾರಿಲ್ಲದೆ ಶುರುವಾಗಲಿ ಎಂದು ಇಟ್ಟ ಅಳತೆ ಅದು. ಕೆಲಸ ಹೆಚ್ಚಿದಾಗ ಏರಿಸಲೇಬೇಕು. ಆದರೆ ಕೆಲವು ಸೆಟ್ಟಿಂಗ್‌ಗಳ ಮೆಮೊರಿ ಇಡೀ ಸರ್ವರ್‌ಗೆ ಒಂದೇ ಸಲ ಖರ್ಚಾಗುತ್ತದೆ, ಇನ್ನು ಕೆಲವು ಕನೆಕ್ಷನ್ ಹೆಚ್ಚಿದಂತೆ ಗುಣಿಸಿಕೊಳ್ಳುತ್ತಾ ಹೋಗುತ್ತವೆ. ಮೊದಲನೆಯದನ್ನು ಧಾರಾಳವಾಗಿ ಕೊಡಿ, ಎರಡನೆಯದರಲ್ಲಿ ಬಿಗಿ ಹಿಡಿಯಿರಿ.

ಇಲ್ಲಿನ ಲೆಕ್ಕ ಲಿನಕ್ಸ್ ಇರುವ, 16 ಜಿಬಿಯ, ಡೇಟಾಬೇಸ್ ಬಿಟ್ಟರೆ ಬೇರೇನೂ ಓಡದ ಯಂತ್ರಕ್ಕೆ. ಕನೆಕ್ಷನ್ ಮಿತಿ, ಡಿಫಾಲ್ಟ್ ಆಗಿ ಬರುವ 100. ಸೆಟ್ಟಿಂಗ್‌ಗಳ ಹೆಸರನ್ನು ಕಾನ್ಫಿಗ್ ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು.

ಮೊದಲು ಶೇರ್ಡ್ ಬಫರ್ಸ್

ಟೇಬಲ್ ಮತ್ತು ಇಂಡೆಕ್ಸ್‌ಗಳ ಪುಟಗಳನ್ನು ಎಲ್ಲ ಕನೆಕ್ಷನ್‌ಗಳೂ ಹಂಚಿಕೊಳ್ಳುವ ಜಾಗ ಇದು. ಒಟ್ಟು ರ‍್ಯಾಮ್‌ನ ಕಾಲು ಭಾಗ, ಅಂದರೆ 4 ಜಿಬಿ ಕೊಡಿ. ಅರ್ಧಕ್ಕರ್ಧ ಕೊಟ್ಟರೆ ಇನ್ನೂ ಚೆನ್ನಾಗಿರಬಹುದಲ್ಲ ಎನಿಸುವುದು ಸಹಜ. ಆದರೆ ಪೋಸ್ಟ್‌ಗ್ರೆಸ್ ಡಿಸ್ಕ್‌ನಿಂದ ಓದುವುದು ಲಿನಕ್ಸ್‌ನ ಕ್ಯಾಶ್ ಮೂಲಕವೇ. ಒಂದೇ ಪುಟ ಎರಡೂ ಕಡೆ ಕುಳಿತು ಜಾಗ ತಿನ್ನುವುದುಂಟು. 40 ಶೇಕಡಾ ದಾಟಿದ ಮೇಲೆ ಲಾಭ ಸಿಗುವುದು ಅಪರೂಪ.

ಅಂಕಿಯ ಜೊತೆ ಯೂನಿಟ್ ಬರೆಯುವುದನ್ನು ಮರೆಯಬೇಡಿ. ಎಂಬಿ ಎಂದುಕೊಂಡು ಬರೀ 4096 ಬರೆದರೆ ಸರ್ವರ್ ಅದನ್ನು 8 ಕೆಬಿಯ ಪುಟಗಳ ಸಂಖ್ಯೆ ಎಂದು ಓದುತ್ತದೆ. ಆಗ ಸಿಗುವುದು 32 ಎಂಬಿ, ಮೊದಲಿದ್ದುದಕ್ಕಿಂತಲೂ ಕಡಿಮೆ! ಎಂಬಿ, ಜಿಬಿ ಎರಡನ್ನೂ ಇಂಗ್ಲಿಷ್ ದೊಡ್ಡಕ್ಷರಗಳಲ್ಲೇ ಬರೆಯಿರಿ, ಸಣ್ಣಕ್ಷರ ಒಪ್ಪುವುದಿಲ್ಲ.

ಈ ಬದಲಾವಣೆಗೆ ರೀಸ್ಟಾರ್ಟ್ ಬೇಕು, ರೀಲೋಡ್ ಸಾಲದು. ರೀಸ್ಟಾರ್ಟ್ ಆದ ಮೇಲೂ ಹಳೆಯ ಅಂಕಿಯೇ ಕಾಣುತ್ತಿದ್ದರೆ, ಹಿಂದೆ ಯಾರೋ 'ಆಲ್ಟರ್ ಸಿಸ್ಟಮ್' ಕಮಾಂಡ್ ಕೊಟ್ಟಿರಬೇಕು. ಅದು ಬರೆಯುವುದು 'ಪೋಸ್ಟ್‌ಗ್ರೆಸ್‌ಕ್ಯುಎಲ್ ಡಾಟ್ ಆಟೋ ಡಾಟ್ ಕಾನ್ಫ್' ಎಂಬ ಬೇರೆ ಫೈಲ್‌ಗೆ, ಆ ಫೈಲ್‌ನ ಮಾತೇ ಕೊನೆಯದು. ಯಾವ ಅಂಕಿ ಯಾವ ಫೈಲ್‌ನಿಂದ ಬಂತು, ಯಾವುದು ರೀಸ್ಟಾರ್ಟ್‌ಗೆ ಕಾದಿದೆ ಎಂಬುದನ್ನು 'ಪಿಜಿ ಸೆಟ್ಟಿಂಗ್ಸ್' ವ್ಯೂ ತೋರಿಸುತ್ತದೆ.

'ಎಫೆಕ್ಟಿವ್ ಕ್ಯಾಶ್ ಸೈಜ್' ಅನ್ನು 12 ಜಿಬಿಗೆ ಇಡಿ. ಇದರಿಂದ ಒಂದು ಬೈಟ್ ಮೆಮೊರಿಯೂ ಖರ್ಚಾಗುವುದಿಲ್ಲ. ಇಂಡೆಕ್ಸ್ ಬಳಸುವುದು ಲಾಭವೋ, ಇಡೀ ಟೇಬಲ್ ಓದುವುದು ಲಾಭವೋ ಎಂದು ಪ್ಲ್ಯಾನರ್ (ಕ್ವೆರಿಯನ್ನು ಓಡಿಸುವ ದಾರಿ ಆರಿಸುವ ಭಾಗ) ಅಂದಾಜು ಮಾಡಲು ಕೊಡುವ ಸುಳಿವು ಅಷ್ಟೇ.

ಕೈ ಸುಡುವ ಸೆಟ್ಟಿಂಗ್: ವರ್ಕ್ ಮೆಮ್

ಸಾರ್ಟ್, ಹ್ಯಾಶ್ ಜಾಯಿನ್ ಮುಂತಾದ ಕೆಲಸಗಳಿಗೆ ಸಿಗುವ ಮೆಮೊರಿ ಇದು. ಡಿಫಾಲ್ಟ್ 4 ಎಂಬಿ. ಇದು ಇಡೀ ಸರ್ವರ್‌ನ ಮಿತಿಯೂ ಅಲ್ಲ, ಒಂದು ಕನೆಕ್ಷನ್‌ನ ಮಿತಿಯೂ ಅಲ್ಲ. ಒಂದು ಕ್ವೆರಿಯೊಳಗೆ ನಡೆಯುವ ಪ್ರತಿಯೊಂದು ಸಾರ್ಟ್‌ಗೂ ಪ್ರತಿಯೊಂದು ಹ್ಯಾಶ್‌ಗೂ ಬೇರೆ ಬೇರೆಯಾಗಿ ಅನ್ವಯಿಸುವ ಮಿತಿ. ಒಂದೇ ಕ್ವೆರಿಯನ್ನು ಹಲವು ವರ್ಕರ್ ಪ್ರೊಸೆಸ್‌ಗಳು ಹಂಚಿಕೊಂಡು ಮಾಡುವ ಪ್ಯಾರಲಲ್ ಕ್ವೆರಿಯಾದರೆ ಪ್ರತಿ ವರ್ಕರ್‌ಗೂ ಮತ್ತೆ ಪ್ರತ್ಯೇಕ. ಸಾಲದ್ದಕ್ಕೆ 15ನೇ ಆವೃತ್ತಿಯಿಂದ ಹ್ಯಾಶ್ ಕೆಲಸಕ್ಕೆ ಇದರ ಎರಡು ಪಟ್ಟು ಸಿಗುತ್ತದೆ.

64 ಎಂಬಿ ದೊಡ್ಡ ಅಂಕಿಯಂತೆ ಕಾಣುವುದಿಲ್ಲ. ಆದರೆ 100 ಕನೆಕ್ಷನ್, ಪ್ರತಿಯೊಂದರಲ್ಲೂ ಎರಡು ಸಾರ್ಟ್ ಎಂದು ಲೆಕ್ಕ ಹಾಕಿ: 12,800 ಎಂಬಿ. ಶೇರ್ಡ್ ಬಫರ್ಸ್‌ನ 4 ಜಿಬಿ ಸೇರಿಸಿದರೆ ಯಂತ್ರವೇ ಮುಗಿಯಿತು. ಎಲ್ಲ ಕನೆಕ್ಷನ್‌ಗಳೂ ಒಟ್ಟಿಗೆ ಸಾರ್ಟ್ ಮಾಡುವುದು ಅಪರೂಪ ನಿಜ. ಆದರೆ ತಿಂಗಳ ಕೊನೆಯ ವರದಿಗಳು ಒಟ್ಟಿಗೇ ಓಡುವ ದಿನ ಅಂಥದ್ದು ನಡೆಯುತ್ತದೆ. 16 ಎಂಬಿ ಇಟ್ಟರೆ ಅದೇ ಲೆಕ್ಕ 3,200 ಎಂಬಿಗೆ ನಿಲ್ಲುತ್ತದೆ. ಅಲ್ಲಿಂದ ಶುರುಮಾಡಿ.

ಅಷ್ಟು ಸಾಲುತ್ತದೆಯೇ ಎಂಬುದನ್ನು ಊಹೆಗೆ ಬಿಡಬೇಡಿ. ನಿಧಾನವಾದ ಕ್ವೆರಿಯನ್ನು 'ಎಕ್ಸ್‌ಪ್ಲೇನ್ ಅನಲೈಸ್' ಹಾಕಿ ಓಡಿಸಿ. ಅದು ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ, ಹಾಗಾಗಿ ಅಪ್‌ಡೇಟ್, ಡಿಲೀಟ್‌ಗಳ ಮೇಲೆ ಪ್ರಯೋಗಿಸುವಾಗ ಎಚ್ಚರ. ಸಾರ್ಟ್ ಸಾಲಿನ ಕೆಳಗೆ 'ಎಕ್ಸ್‌ಟರ್ನಲ್ ಮರ್ಜ್, ಡಿಸ್ಕ್: 24576 ಕೆಬಿ' ಎಂಬಂತೆ ಕಂಡರೆ ಮೆಮೊರಿ ಸಾಲದೆ ಕೆಲಸ ಡಿಸ್ಕ್‌ಗೆ ಇಳಿದಿದೆ ಎಂದರ್ಥ. ಡಿಸ್ಕ್‌ನಲ್ಲಿ 24 ಎಂಬಿ ಇದೆ, 24 ಎಂಬಿ ಕೊಟ್ಟರೆ ಆಯಿತು ಎನ್ನುವಂತಿಲ್ಲ. ಡಿಸ್ಕ್‌ಗೆ ಬರೆಯುವಾಗ ಡೇಟಾ ಒತ್ತೊತ್ತಾಗಿ ಕೂರುತ್ತದೆ, ಮೆಮೊರಿಯಲ್ಲಿ ಅದಕ್ಕೇ ಹೆಚ್ಚು ಜಾಗ ಬೇಕು. ಆ ಸೆಷನ್‌ನಲ್ಲಿ ಮಾತ್ರ 64 ಎಂಬಿಗೆ ಏರಿಸಿ ಮತ್ತೆ ಓಡಿಸಿ. 'ಕ್ವಿಕ್‌ಸಾರ್ಟ್, ಮೆಮೊರಿ' ಎಂದು ಬಂದರೆ ಸಾಕಾಯಿತು. ಹ್ಯಾಶ್‌ನಲ್ಲಿ ನೋಡಬೇಕಾದದ್ದು 'ಬ್ಯಾಚಸ್'. ಒಂದಕ್ಕಿಂತ ಹೆಚ್ಚಿದ್ದರೆ ಅದೂ ಡಿಸ್ಕ್‌ಗೆ ಇಳಿದಿದೆ.

ಹೀಗೆ ಸಿಕ್ಕ ದೊಡ್ಡ ಅಂಕಿಯನ್ನು ಇಡೀ ಸರ್ವರ್‌ಗೆ ಹಾಕುವ ಅಗತ್ಯವಿಲ್ಲ. ವರದಿ ತೆಗೆಯುವ ಯೂಸರ್‌ಗೆ ಮಾತ್ರ 'ಆಲ್ಟರ್ ರೋಲ್' ಮೂಲಕ 128 ಅಥವಾ 256 ಎಂಬಿ ಕೊಡಿ, ವೆಬ್‌ಸೈಟಿನ ಯೂಸರ್ 16ರಲ್ಲೇ ಇರಲಿ. ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಸರದಿಯಲ್ಲಿ ಕೊಡುವ ಪಿಜಿಬೌನ್ಸರ್ ಅನ್ನು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಪ್ರತಿ ಟ್ರಾನ್ಸಾಕ್ಷನ್ ಮುಗಿದಾಗ ಕನೆಕ್ಷನ್ ಬೇರೆಯವರಿಗೆ ಹೋಗುವಂತೆ) ಬಳಸುತ್ತಿದ್ದರೆ, ಕ್ವೆರಿಗೆ ಮುನ್ನ ಬರೀ 'ಸೆಟ್' ಕೊಡಬೇಡಿ, ಅದೇ ಕನೆಕ್ಷನ್ ಹಿಡಿದ ಮುಂದಿನವರಿಗೂ ಆ ಅಂಕಿ ಅಂಟಿಕೊಳ್ಳುತ್ತದೆ. ಟ್ರಾನ್ಸಾಕ್ಷನ್ ಒಳಗೆ 'ಸೆಟ್ ಲೋಕಲ್' ಬಳಸಿ.

'ಮೇಂಟೆನೆನ್ಸ್ ವರ್ಕ್ ಮೆಮ್' ಇಂಡೆಕ್ಸ್ ಕಟ್ಟಲು, ವ್ಯಾಕ್ಯೂಮ್ (ಅಳಿಸಿದ ಸಾಲುಗಳ ಜಾಗ ತೆರವು) ಮಾಡಲು. ಡಿಫಾಲ್ಟ್ 64 ಎಂಬಿಯನ್ನು 512ಕ್ಕೆ ಏರಿಸಬಹುದು. ಆಟೋವ್ಯಾಕ್ಯೂಮ್‌ನ ಮೂರು ವರ್ಕರ್‌ಗಳೂ ಅಷ್ಟಷ್ಟು ಕೇಳಬಹುದು ಎಂದು ಒಂದೂವರೆ ಜಿಬಿ ಲೆಕ್ಕದಲ್ಲಿಟ್ಟುಕೊಳ್ಳಿ.

ಮೆಮೊರಿ ತೀರಿದರೆ

ಲಿನಕ್ಸ್ ಕರ್ನಲ್ ಒಂದು ಪ್ರೊಸೆಸ್ ಆರಿಸಿ ಕೊಲ್ಲುತ್ತದೆ. ಸತ್ತದ್ದು ಒಂದೇ ಕನೆಕ್ಷನ್‌ನ ಪ್ರೊಸೆಸ್ ಆದರೂ, ಶೇರ್ಡ್ ಮೆಮೊರಿ ಕೆಟ್ಟಿರಬಹುದೆಂಬ ಕಾರಣಕ್ಕೆ ಪೋಸ್ಟ್‌ಗ್ರೆಸ್ ಉಳಿದ ಎಲ್ಲ ಕನೆಕ್ಷನ್‌ಗಳನ್ನೂ ಕಡಿದು ರಿಕವರಿಗೆ ಹೋಗುತ್ತದೆ. ಲಾಗ್‌ನಲ್ಲಿ 'ಸಿಗ್ನಲ್ 9' ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ, ಕರ್ನಲ್‌ನ ಸಂದೇಶಗಳನ್ನು ತೋರಿಸುವ 'ಡಿಮೆಸೇಜ್' ಕಮಾಂಡ್ ಕೊಟ್ಟು ನೋಡಿ ಖಚಿತಪಡಿಸಿಕೊಳ್ಳಿ.

ತಡೆಯಲು ಕರ್ನಲ್‌ನ 'ಓವರ್‌ಕಮಿಟ್ ಮೆಮೊರಿ' ಸೆಟ್ಟಿಂಗ್ ಅನ್ನು 2ಕ್ಕೆ ಇಡಿ. ಆಗ ಇಲ್ಲದ ಮೆಮೊರಿ ಕೇಳಿದ ಕ್ವೆರಿಗೆ ಮಾತ್ರ ಎರರ್ ಬರುತ್ತದೆ, ಉಳಿದವರ ಕೆಲಸ ನಡೆಯುತ್ತಿರುತ್ತದೆ. ಇಷ್ಟಕ್ಕೇ ಬಿಟ್ಟರೆ ಮತ್ತೊಂದು ತೊಂದರೆ: 'ಓವರ್‌ಕಮಿಟ್ ರೇಷಿಯೋ' ಡಿಫಾಲ್ಟ್ ಆಗಿ ಶೇಕಡಾ 50 ಇರುತ್ತದೆ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಲ್ಲದ ಯಂತ್ರದಲ್ಲಿ 8 ಜಿಬಿಗೇ ಬಾಗಿಲು ಮುಚ್ಚುತ್ತದೆ. ಅದನ್ನು 80ರ ಆಸುಪಾಸಿಗೆ ಏರಿಸಿ.

ಡಾಕರ್‌ನಲ್ಲಿ ಓಡಿಸುವವರಿಗೆ ಇನ್ನೊಂದು ಮಾತು. ಕಂಟೇನರ್‌ಗೆ ಸಿಗುವ ಶೇರ್ಡ್ ಮೆಮೊರಿ ಡಿಫಾಲ್ಟ್ ಆಗಿ 64 ಎಂಬಿ. ಪ್ಯಾರಲಲ್ ಕ್ವೆರಿಗಳು ಅದನ್ನು ಬಳಸುವುದರಿಂದ, ಡಿಸ್ಕ್ ಖಾಲಿ ಇದ್ದರೂ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂಬ ಎರರ್ ಬರುತ್ತದೆ. ಕಂಟೇನರ್ ಶುರುಮಾಡುವಾಗ 'ಎಸ್‌ಎಚ್‌ಎಂ ಸೈಜ್' ಆಯ್ಕೆಯಲ್ಲಿ 1 ಜಿಬಿ ಕೊಟ್ಟು ನೋಡಿ.

ಎಲ್ಲ ಬದಲಾವಣೆಗಳನ್ನೂ ಒಂದೇ ದಿನ ಮಾಡಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯದು. 'ಲಾಗ್ ಟೆಂಪ್ ಫೈಲ್ಸ್' ಅನ್ನು 10 ಎಂಬಿಗೆ ಇಟ್ಟರೆ, ಅಷ್ಟು ಅಥವಾ ಅದಕ್ಕಿಂತ ದೊಡ್ಡ ಟೆಂಪ್ ಫೈಲ್ ಬರೆದ ಕ್ವೆರಿಗಳೆಲ್ಲ ಲಾಗ್‌ನಲ್ಲಿ ಸಿಗುತ್ತವೆ. ಒಂದು ವಾರ ಬಿಟ್ಟು ಆ ಪಟ್ಟಿ ನೋಡಿ. ಮೇಲಿಂದ ಮೇಲೆ ಬರುವ ಕ್ವೆರಿಗೆ ಬಹಳ ಸಲ ಬೇಕಿರುವುದು ಸರಿಯಾದ ಒಂದು ಇಂಡೆಕ್ಸ್, ಹೆಚ್ಚಿನ ಮೆಮೊರಿಯಲ್ಲ.