ಓಡದ ವ್ಯಾನಿಗೆ ಬ್ರೇಕ್ ಪ್ಯಾಡ್ ಬೇಗ ಸವೀತಿತ್ತು, ನಾನು ನಿಲ್ಲಿಸಿದ್ದು ಹೀಗೆ

ಕೆಲಸದ ವ್ಯಾನು, ಟೂಲ್ಸ್ ಬಿಟ್ರೆ ಲೋಡೇ ಇಲ್ಲ, ವಾರಕ್ಕೆ ಒಂದೆರಡು ಸಲ ಹೊರಗೆ ಹೋದ್ರೆ ಹೆಚ್ಚು, ಮಿಕ್ಕಿದ್ದೆಲ್ಲ ಮಳೆ ಬಿಸಿಲಲ್ಲಿ ನಿಂತಿರುತ್ತೆ. ಆದ್ರೂ ಮುಂದಿನ ಪ್ಯಾಡು ಎಂಟ್ಹತ್ತು ಸಾವಿರ ಕಿಲೋಮೀಟರಿಗೇ ಖಾಲಿ. ತೋರಿಸಿದ ಕಡೆಯೆಲ್ಲ ಒಂದೇ ಮಾತು, ಓಡಿಸೋರು ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾರೆ ಅಂತ. ನಾನು ಒಪ್ಪಲಿಲ್ಲ. ಹಂಗಿದ್ರೆ ಎಲ್ಲಾ ಪ್ಯಾಡೂ ಹೆಚ್ಚುಕಮ್ಮಿ ಒಂದೇ ಥರ ಸವೀಬೇಕಲ್ವಾ, ನಮ್ದರಲ್ಲಿ ಎಡ ಚಕ್ರದ ಡಿಸ್ಕಿನ ಒಳಮಗ್ಗುಲ ಪ್ಯಾಡು 2 ಮಿಮೀಗೆ ಬಂದಾಗ ಹೊರಗಿಂದು ಇನ್ನೂ ಏಳೆಂಟು ಇತ್ತು.

ದುಡ್ಡು ಹೋಗಿದ್ದು ಹೇಳ್ಬೇಕು. ಮೊದಲು ದುಬಾರಿ ಪ್ಯಾಡ್ ಹಾಕಿಸಿದ್ದಾಯ್ತು, ಆಮೇಲೆ ಗೆರೆ ಬಿದ್ದಿದೆ ಅಂತ ಎರಡೂ ಡಿಸ್ಕ್ ಬದಲಾಯಿಸಿದ್ದಾಯ್ತು, ಅದಕ್ಕೂ ಬಗ್ಗದೇ ಇದ್ದಾಗ ಈಗ ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ರು, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ರು ಎರಡೂ ತೆಗೆದು ಹೊಸದು ಹಾಕ್ಬೇಕು ಅಂದ್ರು. ಅಲ್ಲಿಗೆ ಸಾಕು ಅಂತ ಜಾಕ್ ಹಾಕ್ಕೊಂಡು ನಾನೇ ಕೂತೆ.

ಪೆಡಲ್ ಒತ್ತಿ ಬಿಡ್ಸಿ ಚಕ್ರ ತಿರುಗಿಸಿದೆ, ಎಡಗಡೆದು ಹಿಡ್ಕೊಂಡಿತ್ತು. ಕ್ಯಾಲಿಪರಲ್ಲಿ ಆಯಿಲ್ ಹೊರಗೆ ಬಿಡೋ ಸಣ್ಣ ಸ್ಕ್ರೂ, ಬ್ಲೀಡ್ ನಿಪ್ಪಲ್, ಸಡಿಲ ಮಾಡ್ದೆ, ಆಯಿಲ್ ಚಿಮ್ಮಲಿಲ್ಲ, ಚಕ್ರವೂ ಹಗುರ ಆಗಲಿಲ್ಲ. ಅಂದ್ರೆ ಒಳಗೆ ಪ್ರೆಷರ್ ನಿಂತಿಲ್ಲ, ಹೋಸ್ ತಪ್ಪಿಲ್ಲ, ಮಾಸ್ಟರ್ ಸಿಲಿಂಡರ್ ತಪ್ಪಿಲ್ಲ. ಈ ಐದು ನಿಮಿಷದ ಟೆಸ್ಟಲ್ಲಿ ಉಳಿದ ದುಡ್ಡೇ ದೊಡ್ಡದು. ಕ್ಯಾಲಿಪರ್ ಬಿಚ್ಚಿದ್ರೆ ಪ್ಯಾಡನ್ನ ತಳ್ಳೋ ಪಿಸ್ಟನ್ ಆರಾಮಾಗಿ ಒಳಗೆ ಹೋಗುತ್ತೆ, ರಬ್ಬರ್ ಬೂಟು ಚೆನ್ನಾಗಿದೆ, ಆದ್ರೆ ಕ್ಯಾಲಿಪರ್ ಜಾರೋ ಕೆಳಗಿನ ಪಿನ್ನು ಜಾಮು, ಪ್ಯಾಡಿನ ಎರಡೂ ತುದೀಲಿ ಚಾಚಿರೋ ಕಿವಿ, ಅದು ಕೂರೋ ಬ್ರಾಕೆಟಲ್ಲಿ ಎಷ್ಟು ಬಿಗಿ ಅಂದ್ರೆ ಸುತ್ತಿಗೇಲಿ ಹೊಡೆದು ತೆಗೀಬೇಕಾಯ್ತು.

ಅಸಲಿ ವಿಷಯ ಪ್ಯಾಡಿನ ಕಿವಿಗೂ ಬ್ರಾಕೆಟ್ಟಿಗೂ ನಡುವೆ ಇರೋ ತೆಳ್ಳನೆ ಸ್ಟೀಲ್ ಕ್ಲಿಪ್ಪಿನ ಅಡಿಯಲ್ಲಿತ್ತು. ಕ್ಲಿಪ್ ಮೇಲಿಂದ ಹೊಳೀತಾ ಇರುತ್ತೆ, ಯಾರೂ ತೆಗೆದು ನೋಡಲ್ಲ. ನಿಂತೇ ಇರೋ ಗಾಡೀಲಿ ಅದರಡಿ ಬ್ರಾಕೆಟ್ಟು ತುಕ್ಕು ಹಿಡಿದು ಉಬ್ಬುತ್ತೆ, ಉಬ್ಬಿ ಕ್ಲಿಪ್ಪನ್ನ ಒಳಗೆ ತಳ್ಳುತ್ತೆ, ಪ್ಯಾಡು ಹಿಂದೆ ಸರಿಯೋಕೆ ಜಾಗ ಇಲ್ಲದೆ ಡಿಸ್ಕಿಗೆ ಉಜ್ಜಿಕೊಂಡೇ ಇರುತ್ತೆ. ದಿನಾ ಓಡೋ ಗಾಡೀಲಿ ಪ್ಯಾಡು ಅಲ್ಲಾಡ್ತಾ ಇರೋದ್ರಿಂದ ಇಷ್ಟು ಬೇಗ ಕಚ್ಕೊಳಲ್ಲ. ನಮ್ಮದು ಓಡಿ ಸವೆದಿದ್ದಲ್ಲ, ನಿಂತು ಸವೆದಿದ್ದು.

ಕೆಲವರು ಪ್ಯಾಡಿನ ಕಿವೀನೇ ಅರದಲ್ಲಿ ಉಜ್ಜಿ ಕೂರಿಸ್ತಾರೆ. ಬಲಗಡೆ ಬೇಕಂತಲೇ ಹಂಗೆ ಮಾಡಿ ನೋಡ್ದೆ, ಒಂದು ಮಳೆಗಾಲ ತಡೀತು, ಮತ್ತೆ ಬಿಗಿ. ತುಕ್ಕು ಬ್ರಾಕೆಟಲ್ಲಿದೆ, ಪ್ಯಾಡು ಉಜ್ಜಿ ಏನು ಪ್ರಯೋಜನ? ಎಡಗಡೆ ಕ್ಲಿಪ್ ಕಿತ್ತು ವೈರ್ ಬ್ರಷ್ಷು ಅರ ಎರಡೂ ಹಾಕಿ ಬರೀ ಲೋಹ ಕಾಣೋವರೆಗೂ ಉಜ್ಜಿ, ಹೊಸ ಕ್ಲಿಪ್ ಹಾಕಿದೆ. ಪ್ಯಾಡು ಬೆರಳಲ್ಲಿ ತಳ್ಳಿದ್ರೆ ಜಾರ್ಬೇಕು, ಗಡಗಡ ಅನ್ನಬಾರದು. ಕ್ಲಿಪ್ಪಿನ ಅಡಿಗೆ ನಾನು ಏನು ಬಳಿದೆ, ಪಿನ್ನಿನ ತೂತು ಹೆಂಗೆ ಕ್ಲೀನ್ ಮಾಡ್ದೆ ಅನ್ನೋದು ನನ್ ಹತ್ರಾನೇ ಇರ್ಲಿ.

ಪಿನ್ನಿಗೆ ಮಾತ್ರ ಸಿಲಿಕೋನ್ ಗ್ರೀಸೇ ಹಾಕಿ. ಹಳೇ ರಬ್ಬರ್ ಬುಷ್ ಎರಡು ತಗೊಂಡು ಒಂದನ್ನ ಮಾಮೂಲಿ ಗ್ರೀಸಲ್ಲಿ ಒಂದನ್ನ ಸಿಲಿಕೋನಲ್ಲಿ ಕೆಲವು ವಾರ ಮುಳುಗಿಸಿಟ್ಟಿದ್ದೆ, ಮಾಮೂಲಿದರಲ್ಲಿದ್ದಿದ್ದು ಊದಿಕೊಂಡು ಪಿನ್ ತೂತಿಗೇ ಹೋಗಲಿಲ್ಲ. ರಬ್ಬರ್ ಇರೋ ಪಿನ್ನು ಇಲ್ಲದ್ದು ಅದಲು ಬದಲಾಗದಂತೆ ನೋಡ್ಕೊಳ್ಳಿ, ಎಲ್ಲಿದ್ದು ಅಲ್ಲೇ ಹೋಗ್ಬೇಕು.

ಥರ್ಮಾಮೀಟರ್ ಗನ್ನಲ್ಲೂ ನೋಡ್ದೆ. ಮೊದಲು, ಬ್ರೇಕ್ ಆದಷ್ಟೂ ಹಿಡೀದೆ ಒಂದು ಹತ್ತು ಹದಿನೈದು ಕಿಮೀ ಓಡಿಸಿ ನಿಲ್ಲಿಸಿದ್ರೆ ಎಡಗಡೆ ಡಿಸ್ಕು 120 ಡಿಗ್ರಿ ಸುತ್ತಮುತ್ತ, ಬಲಗಡೆ ಐವತ್ತೋ ಅರವತ್ತೋ. ಕೆಲಸ ಆದ್ಮೇಲೆ ಎರಡರ ನಡುವಿನ ವ್ಯತ್ಯಾಸ ಹತ್ತು ಡಿಗ್ರಿ ಒಳಗೇ.

ಖರ್ಚು? ಕ್ಲಿಪ್ ಸೆಟ್ಟು, ಒಂದು ಟ್ಯೂಬ್ ಗ್ರೀಸು, ಒಂದು ಮಧ್ಯಾಹ್ನ. ಒಂದು ಸೆಟ್ ಪ್ಯಾಡಿನ ಕಾಲು ಭಾಗವೂ ಇಲ್ಲ, ಅವರು ಹೇಳಿದ ಕ್ಯಾಲಿಪರ್ ಲೆಕ್ಕದ ಹತ್ರಕ್ಕೂ ಬರಲ್ಲ. ಆಮೇಲೆ ಬಲಗಡೆಗೂ ಇದೇ ಮಾಡಿದೆ. ಈಗ ಇಪ್ಪತ್ತು ಸಾವಿರ ಕಿಲೋಮೀಟರ್ ದಾಟಿದೆ, ಒಳಗಿಂದು ಹೊರಗಿಂದು ಎರಡೂ ಆರು ಮಿಮೀ ಮೇಲೇ ಇವೆ, ಕಾಲು ಸರಿ ಇಲ್ಲ ಅಂದವರಿಗೆ ಕರೆದು ತೋರಿಸಿದ್ದೀನಿ.

ತೊಳೆದ ದಿನ, ಮಳೇಲಿ ಬಂದ ದಿನ ನಿಲ್ಲಿಸೋಕೆ ಮುಂಚೆ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದು ಡಿಸ್ಕ್ ಒಣಗಿಸಿ ಬಿಡ್ತೀನಿ. ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆಯಲ್ಲ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡ್ತೀನಿ, ಹಿಂದಿನ ಚಕ್ರದ ಬ್ರೇಕ್ ಶೂ ಡ್ರಮ್ಮಿಗೆ ಅಂಟ್ಕೊಳ್ಳೋದೂ ಅದರಿಂದ ನಿಂತುಹೋಗಿದೆ. ವರ್ಷಕ್ಕೊಂದು ಸಲ, ಮಳೆಗಾಲ ಮುಗಿದ ಮೇಲೆ, ಪ್ಯಾಡು ಎಷ್ಟೇ ಇರ್ಲಿ ಕ್ಲಿಪ್ ಕಿತ್ತು ಅಡಿಗೆ ನೋಡ್ತೀನಿ.